ಹಗೇವಿನಲ್ಲಿ ಉಳಿದ ರಾಗಿ

ಅನ್ಯಗ್ರಹದವರು ಭೂಮಿಗೆ ದಾಳಿಯಿಡುವ ಇಂಗ್ಲಿಷ್ ಚಿತ್ರಗಳೆಂದರೆ ನನಗೆ ಹದಿಹರೆಯದಿಂದಲೂ ಒಂದು ಬಗೆಯ ಹುಚ್ಚು. 1996ರಲ್ಲಿ 'ಇಂಡಿಪೆಂಡೆನ್ಸ್ ಡೇ' ತೆರೆಕಂಡಾಗ ಹೊಸೂರಿನಿಂದ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ನೋಡಿ ಬಂದಿದ್ದೆ. ಮನೆಗೆ ಬಂದು ಅಜ್ಜಿಗೆ ಕತೆ ಹೇಳಿದೆ. ಎಲ್ಲವನ್ನೂ ಕೇಳಿದ ಅಜ್ಜಿಯದು ಒಂದೇ ಪ್ರಶ್ನೆ: "ಅಷ್ಟು ದಿನ ಆ ಜನ ಊಟಕ್ಕೆ ಏನು ಮಾಡಿದರು?" ಆಗ ನಗು ಬಂತು. ನಮ್ಮ ಸೀಮೆಯ ಚರಿತ್ರೆಯನ್ನು ಓದುತ್ತಾ ಹೋದಂತೆ, ಕೇಳಬೇಕಾದ ಪ್ರಶ್ನೆ ಅದೇ ಎಂದು ಈಗ ಅನಿಸುತ್ತಿದೆ.

ಈ ಬಗೆಯ ಕತೆಗಳಿಗೆಲ್ಲ ಮೂಲವೆನ್ನಬಹುದಾದದ್ದು ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಹೊರತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ಎರಗುತ್ತಾರೆ. ಫಿರಂಗಿಗಳು ಸೋಲುತ್ತವೆ, ಕೊನೆಗೆ ಕಣ್ಣಿಗೆ ಕಾಣದ ರೋಗಾಣುಗಳು ಅವರನ್ನು ಕೊಲ್ಲುತ್ತವೆ. ಐರೋಪ್ಯರ ಕೈಯಲ್ಲಿ ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಒದಗಿದ ಗತಿಯನ್ನು ವೆಲ್ಸ್ ಮೊದಲ ಅಧ್ಯಾಯದಲ್ಲೇ ನೆನೆಯುತ್ತಾನೆ. ನೀವು ಇತರರಿಗೆ ಮಾಡಿದ್ದನ್ನು ಯಾರೋ ನಿಮಗೆ ಮಾಡಿದರೆ ಹೇಗೆ ಎಂಬುದೇ ಕತೆಯ ಒಳಗುಟ್ಟು. 1953ರಲ್ಲಿ ಬೈರನ್ ಹಾಸ್ಕಿನ್ ಅದನ್ನು ಚಿತ್ರ ಮಾಡಿದಾಗ ಅಣುಬಾಂಬು ಸಹ ಸೋತಿತು. 2005ರಲ್ಲಿ ಸ್ಪೀಲ್‌ಬರ್ಗ್ ತೆಗೆದ ಚಿತ್ರದ ನಾಯಕ ಲೋಕವನ್ನು ಉಳಿಸಲು ಹೊರಡುವವನಲ್ಲ. ತನ್ನ ಮಕ್ಕಳನ್ನು ಉಳಿಸಿಕೊಂಡರೆ ಸಾಕೆನ್ನುವ ಬಂದರಿನ ಕಾರ್ಮಿಕ. 2018ರ 'ಎ ಕ್ವಯಟ್ ಪ್ಲೇಸ್' ಚಿತ್ರದ ಕುಟುಂಬವಂತೂ ಸದ್ದು ಮಾಡದೆ ಬದುಕುವುದನ್ನೇ ವಿದ್ಯೆಯಾಗಿ ಕಲಿಯುತ್ತದೆ. ತಮಿಳಿನಲ್ಲಿ 1963ರಷ್ಟು ಹಿಂದೆಯೇ ಎಂ.ಜಿ.ಆರ್. ಮತ್ತು ಭಾನುಮತಿ ಅಭಿನಯದ 'ಕಲೈ ಅರಸಿ' ಬಂದಿತ್ತು. ಅಲ್ಲಿ ಅನ್ಯಗ್ರಹದವನು ಬರುವುದು ನಮ್ಮ ಸಂಗೀತವನ್ನು ಹೊತ್ತೊಯ್ಯಲು!

ಪರದೆಯ ಮೇಲಿನ ಈ ಭಯ ನಮ್ಮ ನೆಲಕ್ಕೆ ಹೊಸದಲ್ಲ. ಕೃಷ್ಣಗಿರಿಯ ಸುತ್ತಲಿನ ಸೀಮೆಗೆ ಬಾರಾಮಹಲ್ ಎಂದು ಹೆಸರು. ಮೈಸೂರು ಪ್ರಸ್ಥಭೂಮಿಗೂ ಕರ್ನಾಟಿಕ್ ಬಯಲಿಗೂ ನಡುವಣ ಘಟ್ಟದ ದಾರಿಗಳು ಇಲ್ಲಿವೆ. ಮೇಲಿನಿಂದ ಇಳಿಯುವ ಸೈನ್ಯವೂ ಕೆಳಗಿನಿಂದ ಹತ್ತುವ ಸೈನ್ಯವೂ ಇಲ್ಲೇ ಹಾಯಬೇಕು. 1768ರಲ್ಲಿ ದಿಗ್ಬಂಧನ ಹಾಕಿ ಕೃಷ್ಣಗಿರಿಯ ಕೋಟೆಯನ್ನು ಇಂಗ್ಲಿಷರು ಪಡೆದರು. ಅದೇ ವರ್ಷದ ಕೊನೆಯ ಹೊತ್ತಿಗೆ ಹೈದರಾಲಿ ಸೀಮೆಯ ಬಹುಭಾಗವನ್ನು ಮರಳಿ ಹಿಡಿದ. ಒಂದೇ ವರ್ಷದಲ್ಲಿ ಇಬ್ಬರು ದೊರೆಗಳು! ಕಂದಾಯ ಕೊಡುವವನು ಮಾತ್ರ ಒಬ್ಬನೇ.

ಮೂರನೆಯ ಮೈಸೂರು ಯುದ್ಧದ ಕತೆ ಇನ್ನೂ ಬೋಧಪ್ರದ. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಹೋದ. ಅವನನ್ನು ಅಲ್ಲಿಂದ ಹಿಂದಿರುಗಿಸಿದ್ದು ಫಿರಂಗಿಯಲ್ಲ. ಮಳೆ ಹಿಡಿಯಿತು, ಮೇವು ಇಲ್ಲವಾಯಿತು, ರೋಗ ಬಂದು ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತನ್ನ ಕೈಯಾರೆ ಒಡೆಸಿ ಅವನು ಹಿಂದೆ ಸರಿದ. ವೆಲ್ಸನ ಕಾದಂಬರಿ ಬರುವುದಕ್ಕೆ ನೂರೇಳು ವರ್ಷ ಮೊದಲೇ, ಕಾಣದ ಕಾರಣಗಳಿಂದ ಒಂದು ಮಹಾಸೈನ್ಯ ಕುಸಿದ ಕತೆ ಇದು. ವೆಲ್ಸನ ರೋಗಾಣು ಮಾತ್ರ ಸ್ಥಳೀಯರ ಪಕ್ಷ ವಹಿಸುತ್ತದೆ. ನಮ್ಮಲ್ಲಿ ಅದಕ್ಕೆ ಪಕ್ಷವಿರಲಿಲ್ಲ. ಸೈನ್ಯದ ಎತ್ತಿಗೆ ಬಂದ ರೋಗ ಒಕ್ಕಲಿನ ಎತ್ತನ್ನು ಬಿಡುತ್ತದೆಯೇ?

ಆಹಾರದ ದಾರಿ ತೆರೆಯದೆ ಯುದ್ಧ ಸಾಗದೆಂದು ಅರಿತ ಕಾರ್ನ್‌ವಾಲಿಸ್ ಮುಂದೆ ತಿರುಗಿದ್ದು ನಮ್ಮ ಕಡೆಗೇ. ಜುಲೈಯಲ್ಲಿ ಹೊಸೂರು ಬಿತ್ತು, ರಾಯಕೋಟೆ ಬಿತ್ತು. ನವೆಂಬರದಲ್ಲಿ ಮ್ಯಾಕ್ಸ್‌ವೆಲ್ಲನ ದಂಡು ಕೃಷ್ಣಗಿರಿಯ ಮೇಲೆ ಬಿತ್ತು. ಕೆಳಗಿನ ಪೇಟೆ ಅವರ ವಶವಾಯಿತು. ಬೆಟ್ಟದ ಕೋಟೆ ಜಗ್ಗಲಿಲ್ಲ. ಚರಿತ್ರೆಯ ಪುಸ್ತಕಗಳು ಕೋಟೆ ಉಳಿಯಿತೆಂದು ಬರೆಯುತ್ತವೆ. ಪೇಟೆಯಲ್ಲಿ ಅಂಗಡಿಯಿಟ್ಟವನು, ಮಗ್ಗ ಹೂಡಿದವನು ಏನಾದರೆಂದು ಬರೆಯುವುದಿಲ್ಲ. ಎಂಟು ವರ್ಷದ ಮೇಲೆ, 1799ರ ಮಾರ್ಚಿಯಲ್ಲಿ, ಜನರಲ್ ಹ್ಯಾರಿಸನ ಸೈನ್ಯ ಇದೇ ರಾಯಕೋಟೆಯ ಕಡೆಯಿಂದ ಮೈಸೂರು ಸೀಮೆಯೊಳಗೆ ಕಾಲಿಟ್ಟಿತು. ಶತ್ರುವಿಗೆ ಮೇವು ಸಿಗಬಾರದೆಂದು ಟಿಪ್ಪುವಿನ ಕುದುರೆಸವಾರರು ದಾರಿಯ ಹುಲ್ಲು ಬಣವೆಗಳಿಗೆ ಬೆಂಕಿಯಿಟ್ಟರು. ಒಬ್ಬನು ಕಸಿದುಕೊಂಡ, ಇನ್ನೊಬ್ಬನು ಸುಟ್ಟ. ಹಟ್ಟಿಯಲ್ಲಿ ನಿಂತು ನೋಡುವವನಿಗೆ ಎರಡರಲ್ಲಿ ಏನು ಭೇದ?

ಹಾಗಾದರೆ ಜನ ಉಳಿದದ್ದು ಹೇಗೆ? ಉತ್ತರದ ಒಂದು ತುಣುಕು ನೆಲದಡಿಯಲ್ಲಿದೆ, ಅದು ಹಗೇವು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯ ಆಳವಾದ ಗುಳಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಹಿಡಿಯುವುದು ಅಪರೂಪ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಸಹ ಈ ಗುಳಿಗಳ ವಿಚಾರ ಬರೆದಿದ್ದಾನೆ. ಮೇಲೆ ಕುದುರೆ ಓಡಿದರೂ ಅಡಿಯಲ್ಲಿ ಊರಿನ ಊಟವಿದೆಯೆಂದು ಹೊರಗಿನವನಿಗೆ ಸುಲಭದಲ್ಲಿ ತಿಳಿಯದು. ವೆಲ್ಸನ ಕಾದಂಬರಿಯಲ್ಲಿ ಒಬ್ಬ ಫಿರಂಗಿ ಸಿಪಾಯಿ, ಇನ್ನು ಮನುಷ್ಯರು ನೆಲದಡಿಯ ಚರಂಡಿಗಳಲ್ಲಿ ಬದುಕಬೇಕೆಂದು ಯೋಜನೆ ಹಾಕುತ್ತಾನೆ. ನಮ್ಮವರು ತಾವು ಇಳಿಯಲಿಲ್ಲ, ಕಾಳನ್ನು ಇಳಿಸಿದರು. ನಮ್ಮ ಅಂಗಳದಲ್ಲೂ ಒಂದು ಹಗೇವು ಇತ್ತು. ಬಾಯಿ ತೆರೆದೊಡನೆ ಇಳಿಯಬಾರದು, ಮೊದಲು ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಒಳಗಿನ ಗಾಳಿ ಕೊಲ್ಲುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಉಳಿಸುವ ಗುಳಿಗೆ ಕೊಲ್ಲುವ ಶಕ್ತಿಯೂ ಇತ್ತು. ಹೊಸ ಮನೆ ಕಟ್ಟುವಾಗ ಅದನ್ನು ಮುಚ್ಚಿಸಿದವನು ನಾನೇ.

ಚಿತ್ರಗಳಿಗೂ ಚರಿತ್ರೆಗೂ ಇರುವ ದೊಡ್ಡ ವ್ಯತ್ಯಾಸ ಕೊನೆಯಲ್ಲಿದೆ. ಚಿತ್ರದಲ್ಲಿ ದಾಳಿಕೋರ ಸಾಯುತ್ತಾನೆ, ದೀಪ ಹತ್ತುತ್ತದೆ, ನಾವು ಮನೆಗೆ ಬರುತ್ತೇವೆ. ಇಲ್ಲಿ ದಾಳಿಕೋರ ಉಳಿದುಕೊಂಡು ಹೊಲ ಅಳೆದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಸೇರಿತು. ಅದೇ ಒಪ್ಪಂದದಲ್ಲಿ ಮಲಬಾರೂ ಸೇರಿತೆಂಬುದನ್ನು ಈ ಸಂಚಿಕೆಯ ಮಲಯಾಳಿ ಓದುಗರು ಗಮನಿಸಬೇಕು. ಕರ್ನಲ್ ರೀಡನ ಕೈಕೆಳಗೆ ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಕೆಲಸ ಮಾಡಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಯನ್ನು ಕಲಿತ. 1799ರಲ್ಲಿ ಟಿಪ್ಪು ಮಡಿದು ಹೊಸೂರು ಸೀಮೆಯೂ ಕಂಪನಿಯದಾಯಿತು. ಅದೇ ವರ್ಷ ಮನ್ರೋ ಕಲೆಕ್ಟರನಾಗಿ ಹೋದದ್ದು ಕೆನರಾಕ್ಕೆ, ಅಂದರೆ ಕಾಸರಗೋಡಿನ ನಿಮ್ಮ ಹಿರಿಯರ ಹೊಲಗಳಿಗೆ! ಹೊಸೂರಿಗೂ ಕಾಸರಗೋಡಿಗೂ ಅಂದೇ ಒಂದು ನಂಟು ಬೆಳೆಯಿತು. ಮುಂದೆ ಮದರಾಸಿನ ಗವರ್ನರನಾದ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ. ಅವನ ಪದ್ಧತಿ ತೀರಿಕೊಳ್ಳಲಿಲ್ಲ.

ಬ್ಯಾಂಕಿನ ಗುಮಾಸ್ತನಾದ ನನಗೆ ಇದು ದಿನವೂ ಕಾಣುವ ಸಂಗತಿ. ಬೆಳೆಸಾಲಕ್ಕೆ ಬರುವ ಒಕ್ಕಲಿಗನು ಪಟ್ಟಾ, ಚಿಟ್ಟಾ, ಅಡಂಗಲ್ ಕಾಗದಗಳನ್ನು ಮೇಜಿನ ಮೇಲಿಡುತ್ತಾನೆ. ಬರಹ ತಮಿಳು, ಹೊಲದ ಹೆಸರು ಎಷ್ಟೋ ಸಲ ಕನ್ನಡ ಇಲ್ಲವೆ ತೆಲುಗು. ನನ್ನೊಡನೆ ತಮಿಳಿನಲ್ಲಿ ಮಾತು ಮುಗಿಸಿ, ಹೊರಗೆ ಕೂತ ಹೆಂಡತಿಗೆ "ಆಯ್ತು, ನಡಿ" ಎನ್ನುತ್ತಾನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಸೇಲಂ, ಧರ್ಮಪುರಿ, 2004ರಿಂದ ಕೃಷ್ಣಗಿರಿ ಎಂದು ನಮ್ಮ ಜಿಲ್ಲೆಯ ಹೆಸರು ಬದಲಾಗುತ್ತಲೇ ಬಂದಿದೆ. ಈ ಬದಲಾವಣೆಗಳನ್ನು ನಾನು ದಾಳಿ ಎನ್ನಲಾರೆ, ನೆರೆಯವರು ಶತ್ರುಗಳಲ್ಲ. ಆದರೂ ಉಳಿಯುವ ವಿದ್ಯೆ ಅದೇ: ಮೇಲೆ ಏನು ಬದಲಾದರೂ ಮನೆಯೊಳಗೆ ಒಂದಷ್ಟನ್ನು ಕೆಡದಂತೆ ಇಟ್ಟುಕೊಳ್ಳುವುದು.

ಈಗ ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅಂಗಳದ ಹಗೇವನ್ನು ಮುಚ್ಚಿಸಿದ್ದು ತಪ್ಪೋ ಸರಿಯೋ, ಆ ಮಾತು ಇರಲಿ. ಈ ಇನ್ನೊಂದು ಹಗೇವು ನನ್ನ ಕಾಲದಲ್ಲೇ ಬರಿದಾಗಬಾರದು. ಈ ಲೇಖನ ಅಚ್ಚಾಗುವ ಹೊತ್ತಿಗೆ ಅವಳಿಗೆ ಇದರ ಶೀರ್ಷಿಕೆಯನ್ನಾದರೂ ಓದಲು ಕಲಿಸಬೇಕೆಂದು ದಿನಕ್ಕೆ ಒಂದು ಅಕ್ಷರದಂತೆ ಶುರುಮಾಡಿದ್ದೇನೆ.