ಕಾಲೇಜಿಗೆ ವೈರ್‌ಲೆಸ್ ಮೈಕ್ ತಗೋಬೇಕಾ? ರೇಟ್ ಕೇಳೋಕಿಂತ ಮೊದಲು ಫ್ರೀಕ್ವೆನ್ಸಿ ಕೇಳ್ರಿ

ಗುಂಜಹಳ್ಳಿ: ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ, ಆಮೇಲೆ ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ, ವಾರ್ಷಿಕೋತ್ಸವ. ರಾಯಚೂರು, ಮಾನ್ವಿ, ದೇವದುರ್ಗ ಯಾವ ಕಡೆಯ ಕಾಲೇಜಾದ್ರೂ ವರ್ಷಕ್ಕೆ ಹತ್ತು ಸಲನಾದ್ರೂ ಮೈಕ್ ಬೇಕೇ ಬೇಕು. ಪ್ರತಿ ಸಲ ಬಾಡಿಗೆಗೆ ತರೋ ಬದಲು ಒಂದು ವೈರ್‌ಲೆಸ್ ಸೆಟ್ ತಗೊಂಡುಬಿಡೋಣ ಅಂತ ಬಹಳ ಕಾಲೇಜುಗಳು ಯೋಚನೆ ಮಾಡ್ತಿವೆ. ಯೋಚನೆ ಸರಿನೇ ಇದೆ. ತಪ್ಪಾಗೋದು ಅಂಗಡಿ ಮುಂದೆ ನಿಂತಾಗ.

ಜಿಲ್ಲೆಯ ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ವರದಿ ಮಾಡಲು ಹೋಗಿದ್ದೆ. ಕಡಿಮೆ ರೇಟಿಗೆ ನಾಲ್ಕು ಮೈಕ್ ಇರೋ ಸೆಟ್ ತಂದಿದ್ದರು. ಹಳ್ಳಿಯಿಂದ ಬಸ್ಸಿಗೆ ಬರೋ ಒಬ್ಬ ಹುಡುಗಿ ಮೊದಲನೇ ಸಲ ಸ್ಟೇಜ್ ಹತ್ತಿ ಭಾಷಣ ಶುರು ಮಾಡಿದಳು. ಎರಡು ಮಾತಿಗೊಮ್ಮೆ ದನಿ ಕಟ್. ಹಿಂದೆ ಕುಂತ ಹುಡುಗರು ನಕ್ಕರು. ಆಕಿ ಅರ್ಧಕ್ಕೆ ಬಿಟ್ಟು ಇಳಿದಳು. ಮೈಕಿನ ತಪ್ಪಿಗೆ ಆಕಿ ತಲೆ ತಗ್ಗಿಸಬೇಕಾಯ್ತು. ಆಮೇಲೆ ನೋಡಿದ್ರೆ ಕೆಟ್ಟಿದ್ದು ಮೈಕ್ ಅಲ್ಲ. ರಿಸೀವರ್ ಅನ್ನು ಸ್ಟೇಜ್ ಹಿಂದಿನ ಕೋಣೆಯ ಕಬ್ಬಿಣದ ಅಲ್ಮೇರಾದೊಳಗೆ ಇಟ್ಟಿದ್ದರು.

ವೈರ್‌ಲೆಸ್ ಮೈಕ್ ಅಂದ್ರೆ ಒಂದು ಸಣ್ಣ ರೇಡಿಯೋ ಸ್ಟೇಷನ್ ಇದ್ದಂಗೆ. ಕೈಯಲ್ಲಿರೋದು ಕಳಿಸುತ್ತೆ, ರಿಸೀವರ್ ಡಬ್ಬಿ ಹಿಡಿಯುತ್ತೆ. ಆ ಅಲೆಯನ್ನು ಕಬ್ಬಿಣ ತಡೆಯುತ್ತೆ, ಮನುಷ್ಯರ ಮೈ ನುಂಗುತ್ತೆ. ಹಾಲ್ ಖಾಲಿ ಇದ್ದಾಗ ಚಲೋ ಕೆಲಸ ಮಾಡಿದ ಮೈಕ್ ಮುನ್ನೂರು ಹುಡುಗರು ತುಂಬಿದಾಗ ಕೈಕೊಡೋದು ಇದಕ್ಕೇ. ಅದಕ್ಕೆ ರಿಸೀವರ್ ಅನ್ನು ಸ್ಟೇಜ್ ಹತ್ತಿರ, ಜನರ ತಲೆಗಿಂತ ಎತ್ತರದಲ್ಲಿ, ಮೈಕಿಗೆ ನೇರ ಕಾಣೋ ಹಂಗೆ ಇಡಬೇಕು. ಅಲ್ಲಿಂದ ಆಂಪ್ಲಿಫೈಯರ್ ದೂರ ಇದ್ದರೆ ಎಕ್ಸ್‌ಎಲ್‌ಆರ್ ಪಿನ್ನಿನ ಕೇಬಲ್ ಎಳೀರಿ. ಪಿ-38 ಪಿನ್ನಿನ ಕೇಬಲ್ ಉದ್ದ ಆದಷ್ಟೂ ಗುಂಯ್ ಅನ್ನೋ ಸದ್ದು ಹಿಡಿಯುತ್ತೆ.

ಈಗ ಫ್ರೀಕ್ವೆನ್ಸಿ ವಿಷಯ. ಅಂಗಡಿಯವರು ಬಹಳ ಮಂದಿ ಇದನ್ನ ಹೇಳೋದಿಲ್ಲ, ನಾವೂ ಕೇಳೋದಿಲ್ಲ. ಅಗ್ಗದ ಸೆಟ್‌ಗಳು ವಿಎಚ್‌ಎಫ್‌ನಲ್ಲಿ, ಅಂದ್ರೆ 300 ಮೆಗಾಹರ್ಟ್ಸ್ ಒಳಗೆ ನಡೀತವೆ. ಒಂದು ಕ್ಲಾಸ್‌ರೂಮಿಗೆ ಒಂದೇ ಮೈಕ್ ಸಾಕು ಅಂದ್ರೆ ನಡೆಯುತ್ತೆ. ಹಾಲ್‌ಗೆ ಯುಎಚ್‌ಎಫ್ ತಗೊಳ್ರಿ. ಆದರೆ ಯುಎಚ್‌ಎಫ್ ಅಂತ ಬರೆದಿದ್ದು ನೋಡಿ ಸುಮ್ಮನಾಗಬಾರದು, ಡಬ್ಬಿ ಹಿಂದಿನ ನಂಬರ್ ನೋಡಬೇಕು.

ನಮ್ಮ ದೇಶದಲ್ಲಿ 703ರಿಂದ 748, ಮತ್ತೆ 758ರಿಂದ 803 ಮೆಗಾಹರ್ಟ್ಸ್ ಮೊಬೈಲ್‌ನವರ ಜಾಗ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡನ್ನು ಜಿಯೋ ದೇಶದ ತುಂಬ ತಗೊಂಡಿದೆ, ಅದರ 5ಜಿ ಇದರಲ್ಲೂ ನಡೀತದೆ. ಅದಾದ ಮ್ಯಾಲೆ 824ರಿಂದ ಶುರುವಾಗೋ ಹಳೇ ಮೊಬೈಲ್ ಬ್ಯಾಂಡ್ ಬರುತ್ತೆ. 740 ಅಥವಾ 780 ಅಂತ ಬರೆದ ಮೈಕ್ ತಂದು, ಪ್ರತಿಯೊಬ್ಬರ ಜೇಬಲ್ಲೂ ಫೋನ್ ಇರೋ ಹಾಲ್‌ನಲ್ಲಿ ಹಚ್ಚಿದ್ರೆ ಏನಾಗುತ್ತೆ ನೀವೇ ಯೋಚಿಸ್ರಿ. ಅಮೆರಿಕದಲ್ಲಿ 700ರ ಮೈಕ್‌ಗಳನ್ನು 2010ರಲ್ಲೇ ಬಂದ್ ಮಾಡಿಸಿದ್ದಾರೆ. ನಮ್ಮಲ್ಲಿ 600 ಮೆಗಾಹರ್ಟ್ಸ್ ಕೂಡ ಅದೇ 2022ರಲ್ಲಿ ಹರಾಜಿಗೆ ಬಂದಿತ್ತು, ಆಗ ಯಾರೂ ಕೊಳ್ಳಲಿಲ್ಲ. ಮುಂದೆ ಹೋಗಬಹುದು. ಹಂಗಾಗಿ 500ರಿಂದ 600ರ ನಡುವಿನದು ಸಿಕ್ಕರೆ ವಾಸಿ.

ಲೈಸೆನ್ಸ್ ಬೇಡದ ಬ್ಯಾಂಡುಗಳೂ ಇವೆ: 865ರಿಂದ 868 ಮೆಗಾಹರ್ಟ್ಸ್, ಮತ್ತೆ 2.4 ಗಿಗಾಹರ್ಟ್ಸ್. ಇವುಗಳಲ್ಲಿ ನಡೆಯೋ ಸೆಟ್ ತಗೊಂಡರೆ ಕೇಂದ್ರ ಸರ್ಕಾರದ ಇಟಿಎ ಮಂಜೂರಾತಿ ಇದೆಯಾ ಅಂತ ಕೇಳ್ರಿ. 2.4 ಅಂದ್ರೆ ವೈಫೈ, ಬ್ಲೂಟೂತ್ ಎಲ್ಲಾ ಓಡಾಡೋ ದಾರಿ. ಕ್ಲಾಸ್‌ರೂಮಿಗೆ ಸಾಕು, ತುಂಬಿದ ಹಾಲ್‌ಗೆ ಬೇಡ. ಬ್ಲೂಟೂತ್ ಸ್ಪೀಕರ್ ಜೊತೆ ಬರೋ ಕರೋಕೆ ಮೈಕ್ ಅಂತೂ ಕಾಲೇಜಿಗೆ ಬೇಡವೇ ಬೇಡ.

ಎರಡು ಸೆಟ್ ತಗೊಳ್ಳೋರು ಇನ್ನೊಂದು ನೋಡಬೇಕು. ಅಗ್ಗದವುಗಳಲ್ಲಿ ಫ್ರೀಕ್ವೆನ್ಸಿ ಬದಲಿಸೋಕೆ ಬರೋದಿಲ್ಲ. ಒಂದೇ ಮಾಡೆಲ್‌ನ ಎರಡು ಸೆಟ್ ತಂದು ಪಕ್ಕಪಕ್ಕದ ಕೋಣೆಯಲ್ಲಿ ಹಚ್ಚಿದ್ರೆ ಅರ್ಥಶಾಸ್ತ್ರದ ಸರ್ ಮಾತು ಕನ್ನಡ ಕ್ಲಾಸಿನಲ್ಲಿ ಕೇಳುತ್ತೆ. ಚಾನೆಲ್ ಬದಲಿಸೋ ಸೌಲಭ್ಯ ಇರೋದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ರಿಸೀವರ್‌ಗೆ ಎರಡು ಆಂಟೆನಾ ಇದ್ದರೆ ಡೈವರ್ಸಿಟಿ ಅಂತ ಹೇಳಿ ಮಾರ್ತಾರೆ. ಎರಡು ಮೈಕಿನ ಅಗ್ಗದ ಸೆಟ್‌ನಲ್ಲಿ ಬಹಳ ಸಲ ಮೈಕಿಗೊಂದು ಆಂಟೆನಾ, ಅಷ್ಟೇ. ‘ನೂರು ಮೀಟರ್ ರೇಂಜ್’ ಅನ್ನೋದೂ ಬಯಲು ಜಾಗದ ಲೆಕ್ಕ.

ರೇಟ್ ವಿಷಯಕ್ಕೆ ಬಂದ್ರೆ, ಅಂದಾಜಿಗೆ ವಿಎಚ್‌ಎಫ್ ಸೆಟ್ ಎರಡು ಮೂರು ಸಾವಿರಕ್ಕೆ ಸಿಗ್ತದೆ. ಎರಡು ಮೈಕಿನ ಯುಎಚ್‌ಎಫ್ ಐದರಿಂದ ಹತ್ತು ಸಾವಿರ. ಹೆಸರಿರೋ ಕಂಪನಿದಾದ್ರೆ ಅದಕ್ಕಿಂತ ಮೇಲೆ. ಕೊಟೇಶನ್ ತರಿಸುವಾಗ ಜಿಎಸ್‌ಟಿ ಸೇರಿದೆಯಾ ಅಂತ ಕೇಳಿ, ಶೇ 18 ಆಗುತ್ತೆ. ನಮ್ಮ ಕಡೆ ಮೈಕ್ ಸೆಟ್‌ನವರ ಹತ್ರ ಹೆಚ್ಚಾಗಿ ಕಾಣೋದು ಅಹುಜಾ. ರಿಪೇರಿ ಮಾಡೋರಿಗೆ ಕೈಗೆ ಪಳಗಿದ ಮಾಲು ಅನ್ನೋದೇ ಅದರ ದೊಡ್ಡ ಲಾಭ. ಆನ್‌ಲೈನ್‌ನಲ್ಲಿ ಐನೂರು ಉಳಿಸಿ, ಕೆಟ್ಟಾಗ ಎಲ್ಲಿಗೆ ಒಯ್ಯಬೇಕು ಗೊತ್ತಾಗದೆ ಕಪಾಟಿನಲ್ಲಿಡೋದಕ್ಕಿಂತ ಊರಿನ ಅಂಗಡಿ ಬಿಲ್ಲೇ ಮೇಲು. ಅಂಗಡಿಯವರಿಗೂ ಒಂದು ಮಾತು: ಒಂದು ದಿನ ಡೆಮೋಗೆ ಕೊಡ್ರಿ. ಕಾಲೇಜಿನ ಗಿರಾಕಿ ಒಮ್ಮೆ ನಂಬಿದರೆ ಆಂಪ್ಲಿಫೈಯರ್, ಬಾಕ್ಸ್, ಸ್ಟ್ಯಾಂಡ್ ಎಲ್ಲಾ ನಿಮ್ಮ ಹತ್ರನೇ ಬರುತ್ತೆ.

ಆ ಡೆಮೋ ಹುಡುಗರು ಕುಂತಿರೋ ಹಾಲ್‌ನಲ್ಲೇ ಆಗಲಿ. ಮೈಕ್ ಹಿಡಿದು ಮಾತಾಡ್ತಾ ಕೊನೇ ಬೆಂಚಿನ ತನಕ ನಡೀರಿ, ಮೈಕಿಗೆ ಬೆನ್ನು ಅಡ್ಡ ಬರೋ ಹಂಗೆ ತಿರುಗಿ ನೋಡ್ರಿ. ಎಲ್ಲರ ಫೋನ್ ಡೇಟಾ ಆನ್ ಇರಲಿ. ಕೂಂಯ್ ಅಂತ ಕೂಗಿದರೆ ಮೊದಲು ಸ್ಪೀಕರ್ ಜಾಗ ನೋಡ್ರಿ, ಬಾಕ್ಸ್ ಯಾವಾಗಲೂ ಮಾತಾಡೋರ ಮುಂದೆ ಇರಬೇಕು, ಹಿಂದಲ್ಲ. ಮೈಕಿನ ಜಾಲರಿ ಮುಚ್ಚಿ ಹಿಡಿದರೂ ಕೂಗುತ್ತೆ. ಹಾಡೋ ಹುಡುಗರು ಸ್ಟೈಲ್ ಅಂತ ಮಾಡೋದು ಇದನ್ನೇ.

ನಾಲ್ಕು ಮೈಕಿನ ಆಸೆ ಬಿಡ್ರಿ. ಅದೇ ದುಡ್ಡಿಗೆ ಒಳ್ಳೆ ಎರಡು ವೈರ್‌ಲೆಸ್, ಜೊತೆಗೆ ಒಂದು ವೈರ್ ಮೈಕ್ ತಗೊಳ್ರಿ. ವೈರ್ ಮೈಕಿಗೆ ಸೆಲ್ ಬೇಡ, ಫ್ರೀಕ್ವೆನ್ಸಿ ಬೇಡ, ಆ ಹುಡುಗಿಯಂಥವರು ಅರ್ಧಕ್ಕೆ ಇಳಿಯೋ ಪ್ರಸಂಗ ಬಂದಾಗ ಅದೇ ಕೈಗೆ ಸಿಗೋದು. ಶ್ಯೂರ್ ಕಂಪನಿಯ ಎಸ್‌ಎಂ58 ಅನ್ನೋ ವೈರ್ ಮೈಕ್ 1966ರಿಂದ ಇವತ್ತಿಗೂ ಬರ್ತಾ ಇದೆ. ಆದರೆ ಸಾವಿರ ರೂಪಾಯಿಗೆ ಅದೇ ಹೆಸರಿನದು ಕೊಡ್ತೀನಿ ಅಂದ್ರೆ ಅದು ನಕಲಿ.

ಸೆಲ್ ಬಗ್ಗೆ. ಶಿಬಿರಕ್ಕೆ ಹಳ್ಳಿಗೆ ಒಯ್ಯೋದಿದ್ದರೆ ಪೆನ್ ಸೆಲ್ ಹಾಕೋ ಮೈಕೇ ಒಳ್ಳೇದು, ಕಿರಾಣಿ ಅಂಗಡಿಯಲ್ಲೂ ಸಿಗ್ತವೆ. ಒಳಗೇ ಬ್ಯಾಟರಿ ಇರೋದಾದ್ರೆ ಕರೆಂಟ್ ಇಲ್ಲದ ಹೊತ್ತಿಗೆ ಚಾರ್ಜ್ ಮುಗಿದರೆ ಕಥೆ ಮುಗೀತು. ಕಡಿಮೆ ರೇಟಿನ ಸೆಲ್ ಬೇಗ ಸೋಲ್ತವೆ, ಆಲ್ಕಲೈನ್ ತಗೊಳ್ರಿ. ಕಾರ್ಯಕ್ರಮ ಮುಗಿದ ಕೂಡಲೇ ತೆಗೆದಿಡಿ. ಬೇಸಿಗೆ ರಜೆಯಲ್ಲಿ, ನಮ್ಮ ರಾಯಚೂರಿನ ಬಿಸಿಲಿಗೆ, ಮೈಕಿನೊಳಗೇ ಬಿಟ್ಟ ಸೆಲ್ ಸೋರಿ ಪತ್ರಿ ತುಕ್ಕು ಹಿಡಿದರೆ ಜೂನ್‌ನಲ್ಲಿ ಹೊಸ ಮೈಕ್ ತರಬೇಕಾಗ್ತದೆ.