ಪುರುಷರ ಒಂದು ರೋಗವೂ ಅದರ ಚಿಕಿತ್ಸೆಯ ವಿವೇಚನೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆನಾಡು ಇತಿಹಾಸಪ್ರಿಯರಿಗೆ ಪರಿಚಿತವಾದ ಭೂಮಿ. ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ದೊರೆತು, ಶಾಸನಗಳ ದೇವಾನಾಂಪ್ರಿಯನು ಅವನೇ ಎಂಬುದು ಸ್ಥಿರಪಟ್ಟಿತು. ಅದೇ ಅರಸನು ಗಿರ್ನಾರ್ ಮೊದಲಾದ ಕಡೆಗಳಲ್ಲಿರುವ ತನ್ನ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನು ಹೇಳಿಕೊಂಡಿದ್ದಾನೆ. ಚಿಕಿತ್ಸೆಯನ್ನು ಒದಗಿಸುವುದು ರಾಜ್ಯದ ಧರ್ಮ; ಒದಗಿದ ಚಿಕಿತ್ಸೆಗಳಲ್ಲಿ ಯಾವುದು ಯಾರಿಗೆ ತಕ್ಕುದೆಂದು ತೂಗಿ ನೋಡುವುದು ವೈದ್ಯನ ಮತ್ತು ರೋಗಿಯ ಧರ್ಮ. ಈ ಎರಡನೆಯ ಧರ್ಮವು ಎಷ್ಟು ಕಷ್ಟವಾದುದೆಂಬುದನ್ನು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಇತಿಹಾಸವು ಚೆನ್ನಾಗಿ ತೋರಿಸಿಕೊಡುತ್ತದೆ.

ಈ ಗ್ರಂಥಿಯು ಗಂಡಸರಲ್ಲಿ ಮಾತ್ರ ಇರುವುದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿರುತ್ತದೆ. ವಯಸ್ಸಾದಂತೆ ಅದು ಹಿಗ್ಗುವುದು ಸಾಮಾನ್ಯ. ಸುಶ್ರುತಸಂಹಿತೆಯು ಮೂತ್ರಾಘಾತಗಳಲ್ಲಿ ಎಣಿಸಿರುವ ವಾತಾಷ್ಠೀಲವು ಈ ಹಿಗ್ಗುವಿಕೆಯೇ ಎಂದು ಅನೇಕರು ಭಾವಿಸುತ್ತಾರೆ. ಇಂತಹ ಹಿಗ್ಗುವಿಕೆಯು ಕ್ಯಾನ್ಸರಲ್ಲ. ರಾತ್ರಿ ಪದೇ ಪದೇ ಏಳಬೇಕಾಗುವುದು, ಮೂತ್ರದ ಧಾರೆ ಸಣ್ಣದಾಗುವುದು ಮುಂತಾದ ತೊಂದರೆಗಳು ಬಹುಮಟ್ಟಿಗೆ ಅದರಿಂದಲೇ ಬರುವವು. ಕ್ಯಾನ್ಸರಾದರೋ, ಗ್ರಂಥಿಯೊಳಗೇ ಇರುವಷ್ಟು ಕಾಲ, ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದು. ಬೆಳೆಯುವುದೂ ಹಲವರಲ್ಲಿ ಅತಿ ನಿಧಾನ. ಬೇರೆ ಕಾರಣಗಳಿಂದ ತೀರಿಕೊಂಡ ಎಷ್ಟೋ ಮುದುಕರ ಶರೀರದಲ್ಲಿ ಈ ರೋಗವು ಇದ್ದುದು ಅವರಿಗೇ ತಿಳಿದಿರಲಿಲ್ಲ. ಇನ್ನು ಕೆಲವರಲ್ಲಿಯಾದರೆ ಅದು ಎಲುಬಿಗೆ ಹಬ್ಬಿ ಪ್ರಾಣವನ್ನೇ ತೆಗೆಯುತ್ತದೆ. ಯಾರದು ಯಾವ ಬಗೆಯದೆಂಬುದೇ ವೈದ್ಯಶಾಸ್ತ್ರವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಡಿದ ಪ್ರಶ್ನೆ.

ವೈದ್ಯರ ನಡುವಣ ಇಂತಹ ಸಂಶಯವನ್ನು ಪ್ರಯೋಗದಿಂದ ತೀರಿಸಲು ಯತ್ನಿಸಿದ ಒಂದು ಪ್ರಸಂಗವು ಈ ಸೀಮೆಯ ಹಳೆಯ ರಾಜಧಾನಿಯಲ್ಲಿಯೇ ನಡೆದಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ೧೯೪೮ರವರೆಗೆ ನಿಜಾಮನ ಆಳ್ವಿಕೆಗೆ ಸೇರಿದ್ದವು; ಲಿಂಗಸುಗೂರಂತೂ ೧೯೦೫ರವರೆಗೆ ಒಂದು ಜಿಲ್ಲೆಯೇ ಆಗಿತ್ತು. ಶಸ್ತ್ರಕ್ರಿಯೆಗೆ ಮುನ್ನ ಕೊಡುತ್ತಿದ್ದ ಕ್ಲೋರೋಫಾರ್ಮು ಹೃದಯವನ್ನು ನಿಲ್ಲಿಸುವುದೇ, ಉಸಿರನ್ನು ನಿಲ್ಲಿಸುವುದೇ ಎಂಬ ವಾದವನ್ನು ಬಗೆಹರಿಸಲು ೧೮೮೮ ಮತ್ತು ೧೮೮೯ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮನ ದ್ರವ್ಯಸಹಾಯದಿಂದ ಲಂಡನ್ನಿನ ಲಾಡರ್ ಬ್ರಂಟನ್ ಬಂದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರು ನಿಂತ ಬಳಿಕವೇ ಹೃದಯವು ನಿಲ್ಲುವುದೆಂದು ತೀರ್ಮಾನಿಸಲಾಯಿತು. ಆದರೆ ೧೯೧೧ರಲ್ಲಿ ಲೆವಿ ಎಂಬ ವೈದ್ಯನು, ಕ್ಲೋರೋಫಾರ್ಮಿನ ಅಲ್ಪಪ್ರಯೋಗದಲ್ಲಿಯೂ ಹೃದಯವು ಹಠಾತ್ತಾಗಿ ತಾಳತಪ್ಪಿ ನಿಲ್ಲಬಹುದೆಂದು ತೋರಿಸಿದನು. ವೈದ್ಯನ ಕೀರ್ತಿಗಿಂತ ಪರೀಕ್ಷೆಯು ಮೇಲು. ಆದರೆ ಪರೀಕ್ಷೆಯೂ ತಕ್ಕ ರೀತಿಯಲ್ಲಿ, ತಕ್ಕಷ್ಟು ಕಾಲ ನಡೆಯಬೇಕು. ಪ್ರಾಸ್ಟೇಟಿನ ವಿಷಯದಲ್ಲಿ ಈ ಪಾಠವನ್ನು ಕಲಿಯಲು ಬಹಳ ಕಾಲ ಹಿಡಿಯಿತು.

೧೯೦೪ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಶಸ್ತ್ರವೈದ್ಯನು ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನೇ ತೆಗೆದುಹಾಕಿದನು. ೧೯೧೦ರ ದಶಕದಲ್ಲಿ ಪ್ಯಾರಿಸ್ಸಿನ ವೈದ್ಯರು ರೇಡಿಯಮ್ಮನ್ನು ಗ್ರಂಥಿಯ ಬಳಿಗೆ ಒಯ್ದು ಕಿರಣಚಿಕಿತ್ಸೆಯನ್ನು ಆರಂಭಿಸಿದರು. ಹೀಗೆ ಕತ್ತಿಯೂ ಕಿರಣವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಕತ್ತಿಯ ಹಾದಿಯಲ್ಲಿ ದೊಡ್ಡ ಹಾನಿಯೊಂದಿತ್ತು: ಬದುಕಿ ಉಳಿದವರಲ್ಲಿ ಬಹುಮಂದಿ ಪುರುಷತ್ವವನ್ನೂ, ಹಲವರು ಮೂತ್ರದ ಹಿಡಿತವನ್ನೂ ಕಳೆದುಕೊಳ್ಳುತ್ತಿದ್ದರು. ೧೯೮೧ರಲ್ಲಿ ಹಾಲೆಂಡಿನ ವೃದ್ಧ ಆಚಾರ್ಯ ಡಾಂಕರನು ಗ್ರಂಥಿಯ ಬದಿಯಲ್ಲಿ ಹಾಯುವ ಸೂಕ್ಷ್ಮ ನರಗಳ ಜಾಡನ್ನು ಪ್ಯಾಟ್ರಿಕ್ ವಾಲ್ಷನಿಗೆ ತೋರಿಸಿಕೊಟ್ಟನು. ಮರುವರ್ಷ ವಾಲ್ಷನು ಆ ನರಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ಕ್ರಮವನ್ನು ಆಚರಣೆಗೆ ತಂದನು. ಹಾನಿಯು ತಗ್ಗಿತು, ಇಲ್ಲದಾಗಲಿಲ್ಲ.

ಅಷ್ಟರಲ್ಲಿ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯು ಬಂದಿತು. ೧೯೮೬ರಲ್ಲಿ ಅದನ್ನು ರೋಗಿಗಳ ಸ್ಥಿತಿಯನ್ನು ಅರಿಯಲೂ, ೧೯೯೪ರಲ್ಲಿ ರೋಗವನ್ನು ಹುಡುಕಲೂ ಅಮೆರಿಕ ಸರ್ಕಾರವು ಅನುಮತಿಸಿತು. ಪರಿಣಾಮವಾಗಿ, ಎಂದೂ ತೊಂದರೆ ಕೊಡದೆ ಹೋಗಬಹುದಾಗಿದ್ದ ಸಾವಿರಾರು ಕ್ಯಾನ್ಸರುಗಳು ಪತ್ತೆಯಾಗಿ ಶಸ್ತ್ರಕ್ಕೂ ಕಿರಣಕ್ಕೂ ಗುರಿಯಾದವು. ಪಿ.ಎಸ್.ಎ. ಏರಿದ ಮಾತ್ರಕ್ಕೆ ಕ್ಯಾನ್ಸರೆಂದು ತಿಳಿಯಲಾಗದು; ಸೋಂಕಿನಿಂದಲೂ ಸಾಮಾನ್ಯ ಹಿಗ್ಗುವಿಕೆಯಿಂದಲೂ ಅದು ಏರುತ್ತದೆ. ಗ್ರಂಥಿಯ ಚೂರನ್ನು ಸೂಜಿಯಿಂದ ತೆಗೆದು, ೧೯೬೬ರಲ್ಲಿ ಡೊನಾಲ್ಡ್ ಗ್ಲೀಸನ್ ರೂಪಿಸಿದ ಅಂಕಪದ್ಧತಿಯಂತೆ ಜೀವಕೋಶಗಳ ಉಗ್ರತೆಯನ್ನು ಅಳೆದ ಮೇಲೆಯೇ ರೋಗದ ಸ್ವಭಾವವು ತಿಳಿಯುವುದು.

ಕಡೆಗೆ ನಿಜವಾದ ತುಲನೆಯು ನಡೆಯಿತು. ಸ್ವೀಡನ್ ಮೊದಲಾದ ಉತ್ತರದೇಶಗಳಲ್ಲಿ ೧೯೮೯ರಿಂದ ೧೯೯೯ರವರೆಗೆ ೬೯೫ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ ಮಾಡಿದರು. ಇನ್ನೊಂದನ್ನು ಚಿಕಿತ್ಸೆಯಿಲ್ಲದೆ ಕಾದು ನೋಡಿದರು. ೨೩ ವರ್ಷಗಳ ಲೆಕ್ಕದಲ್ಲಿ ಶಸ್ತ್ರದವರಿಗೆ ಸರಾಸರಿ ೨.೯ ವರ್ಷಗಳ ಆಯುಸ್ಸು ಅಧಿಕವಾಗಿ ದೊರೆತಿತ್ತು. ಆದರೆ ಇವರಲ್ಲಿ ಬಹುಮಂದಿಯ ರೋಗವು ರಕ್ತಪರೀಕ್ಷೆಯಿಂದ ಮೊದಲೇ ಕಂಡುಹಿಡಿದುದಲ್ಲ. ಅಂತಹ ರೋಗವನ್ನು ಕುರಿತು ಬ್ರಿಟನ್ನಿನಲ್ಲಿ ೧೯೯೯ರಿಂದ ೨೦೦೯ರವರೆಗೆ ೧,೬೪೩ ಮಂದಿಯನ್ನು ಮೂರು ಭಾಗ ಮಾಡಿದರು: ಶಸ್ತ್ರ, ಕಿರಣ, ಮತ್ತು ಆಗಾಗ ಪರೀಕ್ಷಿಸುತ್ತ ಕಾಯುವುದು. ೨೦೨೩ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲವು ಗಮನಾರ್ಹವಾದುದು. ಈ ಕ್ಯಾನ್ಸರಿನಿಂದ ಸತ್ತವರು ಒಟ್ಟು ೪೫ ಮಂದಿ, ಅಂದರೆ ನೂರಕ್ಕೆ ಮೂವರಿಗಿಂತ ಕಡಮೆ. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ರೋಗವು ದೂರಕ್ಕೆ ಹಬ್ಬಿದುದು ಮಾತ್ರ ಕಾದವರಲ್ಲಿ ನೂರಕ್ಕೆ ೯.೪, ಉಳಿದೆರಡರಲ್ಲಿ ಸುಮಾರು ೫. ಕಾದವರಲ್ಲಿಯೂ ನೂರಕ್ಕೆ ಸುಮಾರು ೬೧ ಮಂದಿ ಮುಂದೆ ಶಸ್ತ್ರಕ್ಕೋ ಕಿರಣಕ್ಕೋ ಒಳಗಾದರು. ಕಾಲುಭಾಗದಷ್ಟು ಮಂದಿ ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ದರು.

ಆಯುಸ್ಸು ಸಮವಾದ ಮೇಲೆ ತಕ್ಕಡಿಯಲ್ಲಿ ಉಳಿಯುವುದು ಬಾಳಿನ ಸುಖದುಃಖ. ಅದೇ ಪರೀಕ್ಷೆಯಲ್ಲಿ, ಆರು ವರ್ಷಗಳ ತರುವಾಯವೂ ಮೂತ್ರ ಸೋರುವುದಕ್ಕಾಗಿ ಬಟ್ಟೆ ಇಟ್ಟುಕೊಳ್ಳುತ್ತಿದ್ದವರು ಶಸ್ತ್ರದವರಲ್ಲಿ ನೂರಕ್ಕೆ ೧೭, ಕಾದವರಲ್ಲಿ ೮, ಕಿರಣದವರಲ್ಲಿ ೪. ದಾಂಪತ್ಯಸುಖಕ್ಕೆ ತಕ್ಕ ಶಕ್ತಿ ಉಳಿದವರು ಕ್ರಮವಾಗಿ ೧೭, ೩೦, ೨೭. ಕಿರಣವು ಕೆಲವರಲ್ಲಿ ಮಲವಿಸರ್ಜನೆಯ ತೊಂದರೆಯನ್ನು ತಂದಿತು. ಶಸ್ತ್ರದ ಬಳಿಕ ಒಂದೆರಡು ವಾರ ಮೂತ್ರಕ್ಕೆ ನಳಿಕೆ ಇರಬೇಕಾಗುತ್ತದೆ. ಕೆಲವು ವಾರ ಭಾರವನ್ನು ಎತ್ತಲಾಗದು. ಮೂತ್ರದ ಹಿಡಿತವು ಕಿಬ್ಬೊಟ್ಟೆಯಡಿಯ ಸ್ನಾಯುಗಳ ವ್ಯಾಯಾಮದಿಂದ ತಿಂಗಳುಗಟ್ಟಲೆ ಕಾಲದಲ್ಲಿ ಮೆಲ್ಲಮೆಲ್ಲನೆ ಮರಳುತ್ತದೆ. ಚೇತರಿಕೆಯೆಂದರೆ ಗಾಯ ಮಾಯುವುದಷ್ಟೇ ಅಲ್ಲ. ಮನೆಯಾಕೆಯೊಡನೆ ಸಂಕೋಚವಿಲ್ಲದೆ ಮಾತಾಡುವುದೂ, ಹೊಸ ದೇಹಸ್ಥಿತಿಗೆ ಮನಸ್ಸು ಹೊಂದಿಕೊಳ್ಳುವುದೂ ಅದರಲ್ಲಿ ಸೇರಿವೆ.

ಎಡೆದೊರೆನಾಡಿನ ತಕ್ಕಡಿಯಲ್ಲಿ ಇನ್ನೂ ಕೆಲವು ತೂಕಗಳುಂಟು. ಸಿಂಧನೂರಿನ ಗದ್ದೆಯ ಒಕ್ಕಲಿಗನಿಗೆ ನಾಟಿಯ ಕಾಲದಲ್ಲಿ ಭಾರ ಎತ್ತದಿರುವುದು ಸಣ್ಣ ಮಾತಲ್ಲ. ಕಿರಣಚಿಕಿತ್ಸೆಗೆ ದಿನಾಲು ಹೋಗಬೇಕಾದ ವಾರಗಳನ್ನು ಮಸ್ಕಿಯವನು ದೂರದ ನಗರದಲ್ಲಿ ಕಳೆಯಬೇಕು. ಕಾಯುವುದಕ್ಕೂ ನಿಯಮವುಂಟು: ಗೊತ್ತಾದ ಕಾಲಕ್ಕೆ ರಕ್ತಪರೀಕ್ಷೆ, ಬೇಕಾದಾಗ ಮತ್ತೆ ಸೂಜಿಪರೀಕ್ಷೆ. ಅದನ್ನು ತಪ್ಪಿಸುವವನು ಕಾಯುತ್ತಿಲ್ಲ, ಮರೆಯುತ್ತಿದ್ದಾನೆ. ಹೈದರಾಬಾದಿನಲ್ಲಿ ೧೯೫೫ರಿಂದ ಮೆಹದಿ ನವಾಜ್ ಜಂಗನ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯೂ, ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಸಂಸ್ಥೆಯೂ, ಕಲಬುರಗಿಯಲ್ಲಿ ಅದರ ಶಾಖೆಯೂ ಇವೆ. ರಾಯಚೂರಿನಲ್ಲಿ ೨೦೦೭ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು.

ಇವೆಲ್ಲಕ್ಕೂ ಹಣ ಬೇಕು. ಬಡಕುಟುಂಬಗಳ ದೊಡ್ಡ ರೋಗಗಳ ವೆಚ್ಚವನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ೨೦೧೦ರಲ್ಲಿ ಮೊದಲು ಗುಲಬರ್ಗಾ ವಿಭಾಗದಲ್ಲಿಯೇ ಆರಂಭವಾಯಿತು, ಕ್ಯಾನ್ಸರೂ ಅದರೊಳಗಿತ್ತು. ಯೋಜನೆಯ ಗಡಿಯ ಈಚೆ ಆಚೆಯ ೫೭೨ ಹಳ್ಳಿಗಳನ್ನು ಹೋಲಿಸಿ ೨೦೧೪ರಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಗೆ ಒಳಪಟ್ಟ ರೋಗಗಳಿಂದಾದ ಸಾವು ಗಡಿಯ ಒಳಗಿನ ಬಡಕುಟುಂಬಗಳಲ್ಲಿ ನೂರಕ್ಕೆ ೦.೩೨, ಹೊರಗಿನವುಗಳಲ್ಲಿ ೦.೯೦ ಎಂದು ಕಂಡಿತು. ೨೦೧೮ರಲ್ಲಿ ಆ ಯೋಜನೆಯು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು.

ಆದಕಾರಣ ಈ ಇತಿಹಾಸದಿಂದ ಗ್ರಹಿಸಬೇಕಾದುದು ಇಷ್ಟು. ಗ್ರಂಥಿಯೊಳಗೇ ಇದ್ದು ಉಗ್ರವಲ್ಲದ ರೋಗವು ಅವಸರವನ್ನು ಬೇಡುವುದಿಲ್ಲ. ರೋಗಿಯು ತನ್ನ ವಯಸ್ಸು, ಇತರ ಕಾಯಿಲೆ, ಕಸುಬು, ಸಂಸಾರಗಳನ್ನು ತೂಗಿ, ಬೇಕಾದರೆ ಇನ್ನೊಬ್ಬ ವೈದ್ಯನ ಅಭಿಪ್ರಾಯವನ್ನೂ ಕೇಳಿ ನಿರ್ಧರಿಸಲು ಕಾಲವಿದೆ. ಉಗ್ರವಾದುದಕ್ಕೆ ಆ ಕಾಲವಿಲ್ಲ. ಎರಡರ ಭೇದವು ಪರೀಕ್ಷೆಯಿಂದಲ್ಲದೆ ತಿಳಿಯದು. ಐವತ್ತು ದಾಟಿದವರು, ತಂದೆಗೋ ಸೋದರನಿಗೋ ಈ ರೋಗವಿದ್ದರೆ ಇನ್ನೂ ಮೊದಲೇ, ಪರೀಕ್ಷೆಯ ಲಾಭಹಾನಿಗಳನ್ನು ವೈದ್ಯನೊಡನೆ ಆಲೋಚಿಸುವುದು ಯುಕ್ತ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು, ಬೆನ್ನೆಲುಬಿನ ನೋವು ಬಂದ ಮೇಲೆ ಆಸ್ಪತ್ರೆಗೆ ಹೋದವನ ಮುಂದೆ ತೂಗುವುದಕ್ಕೆ ಉಳಿಯುವ ಆಯ್ಕೆಗಳು ಬಹಳ ಕಡಮೆ.