ಒಡೆದ ಚೂರುಗಳ ಊರು

ದೆಹಲಿಗೆ ಬರುವಾಗ ಊರಿಂದ ತಂದಿದ್ದ ಪಿಂಗಾಣಿ ಬಸಿ ಮೊನ್ನೆ ಕೈಜಾರಿ ಒಡೆಯಿತು. ಚೂರು ಗುಡಿಸುತ್ತಿದ್ದಾಗ ಚಂಡೀಗಢದ ನೇಕ್ ಚಂದ್ ನೆನಪಾದರು.

1947ರ ವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವರು. ಚಂಡೀಗಢದಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಕೆಲಸ. ಹೊಸ ನಗರಕ್ಕೆಂದು ಹಳ್ಳಿಗಳನ್ನು ಕೆಡವಿದ್ದರಲ್ಲ, ಅಲ್ಲಿ ಉಳಿದದ್ದನ್ನೆಲ್ಲ 1950ರ ದಶಕದ ಕೊನೆಯಿಂದ ಸೈಕಲ್ ಮೇಲೆ ಕಾಡಿಗೆ ಸಾಗಿಸತೊಡಗಿದರು. ಒಡೆದ ಬಳೆ, ತಟ್ಟೆ, ಸ್ವಿಚ್ಚು, ವಾಶ್‌ಬೇಸಿನ್ನುಗಳು ಸಿಮೆಂಟಿನ ಮೈಗೆ ಅಂಟಿ ಬಣ್ಣಬಣ್ಣದ ಹೆಂಗಸರು, ಹಕ್ಕಿಗಳು, ಮಂಗಗಳಾದವು! ಸರ್ಕಾರಿ ಜಾಗ ನೋಡಿ, ವರ್ಷಗಟ್ಟಲೆ ಎಲ್ಲ ಗುಟ್ಟಾಗಿಯೇ ನಡೆಯಿತು. ಗೊತ್ತಾದಾಗ ಕೆಡವುವ ಮಾತೂ ಬಂತು, ಜನ ಬಿಡಲಿಲ್ಲ. 1976ರಲ್ಲಿ ಅದೇ ರಾಕ್ ಗಾರ್ಡನ್ ಎಂದು ತೆರೆಯಿತು. ನೇಕ್ ಚಂದ್ 2015ರಲ್ಲಿ ತೀರಿಕೊಂಡರು.

ಊರು ಕಳೆದುಕೊಂಡವರೊಬ್ಬರು, ಬೇರೆಯವರ ಕಳೆದುಹೋದ ಮನೆಗಳ ಚೂರಿನಿಂದಲೇ ಇನ್ನೊಂದು ಊರು ಕಟ್ಟಿದರು...

ಬಸಿಯ ಚೂರುಗಳನ್ನು ನಾನಿನ್ನೂ ಎಸೆದಿಲ್ಲ.